ಗಾಲ್ಫ್, ನೆಲದ ಮೇಲಿಂದ ತ್ರೀ-ವುಡ್: ಟೀ ಮೇಲೆ ಸರಿ, ಫೇರ್‌ವೇ ಮೇಲೆ ಟಾಪ್. ತಪ್ಪು ಎಲ್ಲಿ?

#1 ಗರಿಕೆ ಮೇಲಿನ ಬಾಲ್

ನಮಸ್ಕಾರ. ಟೀ (ಬಾಲ್ ಎತ್ತಿ ಇಡುವ ಪುಟ್ಟ ಗೂಟ) ಮೇಲಿಟ್ಟರೆ ತ್ರೀ-ವುಡ್ (ಡ್ರೈವರ್ ಆದಮೇಲಿನ ಉದ್ದ ಹೊಡೆತದ ಕ್ಲಬ್) ಚೆನ್ನಾಗೇ ಹೋಗುತ್ತೆ. ಬಾಲ್ ಫೇರ್‌ವೇಯಲ್ಲಿ (ಹುಲ್ಲು ಕತ್ತರಿಸಿದ ಆಟದ ದಾರಿ) ಬರೀ ನೆಲದ ಮೇಲೆ ಕೂತಿದ್ದರೆ ಮಾತ್ರ ತಕರಾರು. ಹತ್ತು ಹೊಡೆದರೆ ನಾಲ್ಕು ಟಾಪ್ ಆಗಿ (ಬಾಲಿನ ನಡುವಿಗೋ ಮೇಲಕ್ಕೋ ತಗುಲಿ) ನೆಲ ನೆಕ್ಕಿಕೊಂಡು 40-50 ಗಜ ಉರುಳುತ್ತವೆ. ಎರಡಕ್ಕೆ ಹಿಂದಿನ ಮಣ್ಣು ಮೊದಲು ಸಿಗುತ್ತೆ, ಎರಡು ಬಲಕ್ಕೆ ತೇಲಿ ಹೋಗುತ್ತವೆ. ಉಳಿದೆರಡು ಹೇಳಿಕೊಳ್ಳುವ ಹಾಗಿರುತ್ತವೆ, ಅಷ್ಟೆ.

ವಿವರ: ಬಲಗೈ ಆಟ, ಹ್ಯಾಂಡಿಕ್ಯಾಪ್ 18 (ಅಂದರೆ ಸಾಧಾರಣ ಆಟಗಾರ), ಡ್ರೈವರ್ (ಅತಿ ಉದ್ದ ಹೊಡೆಯುವ ಕ್ಲಬ್) ವೇಗ ಗಂಟೆಗೆ 88 ಮೈಲಿ. ತ್ರೀ-ವುಡ್ ಲಾಫ್ಟ್ (ಫೇಸ್, ಅಂದರೆ ಹೊಡೆಯುವ ಮುಖ, ಹಿಂದಕ್ಕೆ ವಾಲಿದ ಕೋನ) 15 ಡಿಗ್ರಿ, 43 ಇಂಚು, ರೆಗ್ಯುಲರ್ ಶಾಫ್ಟ್ (ಕೋಲು). ಬಾಲ್ ಎಡ ಹಿಮ್ಮಡಿಯ ನೇರಕ್ಕೆ. ಬ್ಯಾಗಿನಲ್ಲಿ ತ್ರೀ-ವುಡ್ ಆದಮೇಲೆ ನೇರ ಫೋರ್ ಹೈಬ್ರಿಡ್ (ಅಗಲ ಹೆಡ್ಡಿನ ವುಡ್, ತೆಳು ಹೆಡ್ಡಿನ ಐರನ್ ಎರಡರ ನಡುವಿನ ಕ್ಲಬ್).

"ಗುಡಿಸಿದ ಹಾಗೆ ಹೊಡಿ" ಅಂತಾರೆ ಒಬ್ಬರು. "ಐರನ್ ಥರ ಕೆಳಕ್ಕೆ ಹೊಡಿ" ಅಂತಾರೆ ಇನ್ನೊಬ್ಬರು. ಎರಡೂ ಒಟ್ಟಿಗೆ ಸರಿ ಇರೋದು ಹೇಗೆ?

#2 ಸೋಲ್ ಮೊದಲು

ಗುಡಿಸೋದಾ ಕೆಳಕ್ಕೆ ಹೊಡೆಯೋದಾ ಅನ್ನೋ ಜಗಳಕ್ಕೆ ಮುಂಚೆ ಸ್ವಲ್ಪ ಅಳತೆ ನೋಡಿ. ಅರ್ಧ ಉತ್ತರ ಅಲ್ಲೇ ಇದೆ.

ಬಾಲಿನ ವ್ಯಾಸ ಕನಿಷ್ಠ 42.67 ಮಿ.ಮೀ. ಅಂದರೆ ನಡುಮಟ್ಟ ನೆಲದಿಂದ 21 ಮಿ.ಮೀ. ಫೇಸ್ ಹಿಂದಕ್ಕೆ ವಾಲಿರೋದರಿಂದ ಅದು ನಡುಮಟ್ಟಕ್ಕಿಂತ ಸ್ವಲ್ಪ ಕೆಳಗೆ ತಗುಲುತ್ತೆ. 15 ಡಿಗ್ರಿಗೆ ಲೆಕ್ಕ ಹಾಕಿದರೆ ನೆಲದಿಂದ ಸುಮಾರು 16 ಮಿ.ಮೀ. ಎತ್ತರದಲ್ಲಿ. ಕ್ಲಬ್ಬಿನ ಸೋಲ್ (ಅಡಿಭಾಗ) ನೆಲ ಸವರಿಕೊಂಡು ಬಂದರೆ ಬಾಲ್ ಫೇಸಿನ ತಳದಿಂದ 16 ಮಿ.ಮೀ. ಮೇಲೆ, ಹೆಚ್ಚೂಕಮ್ಮಿ ನಟ್ಟನಡುವೆ ಸಿಗುತ್ತೆ. ಸೋಲ್ ಒಂದು ಸೆಂ.ಮೀ. ಎತ್ತರದಲ್ಲಿ ಬಂದರೆ ತಗುಲೋದು ತಳದಿಂದ 6 ಮಿ.ಮೀ.ನಲ್ಲಿ, ಅದು ಥಿನ್. ಎರಡು ಸೆಂ.ಮೀ. ಎತ್ತರದಲ್ಲಿ ಬಂದರೆ ಫೇಸಿನ ಅಂಚೇ ಬಾಲಿನ ಹೊಟ್ಟೆಗೆ ತಾಗಿ ಟಾಪ್. ಟೀ ಮೇಲೆ ಈ ಒಂದು ಸೆಂ.ಮೀ. ತಪ್ಪನ್ನು ಟೀ ನುಂಗಿಕೊಳ್ಳುತ್ತೆ. ನಿಮ್ಮ ಸ್ವಿಂಗ್ ಎರಡೂ ಕಡೆ ಒಂದೇ, ಟೀ ಮಾತ್ರ ಅದನ್ನು ಮುಚ್ಚಿಡುತ್ತಿತ್ತು.

ಇನ್ನು ಆ ಒಂದು ಸೆಂ.ಮೀ. ಎಲ್ಲಿಂದ ಬರುತ್ತೆ? ತೋಳು, ಕ್ಲಬ್ ಸೇರಿ ಸ್ವಿಂಗಿನ ಕಮಾನು ಸುಮಾರು 1.6 ಮೀಟರ್ ತ್ರಿಜ್ಯದ್ದು ಅಂದುಕೊಳ್ಳಿ. ಕಮಾನಿನ ತಳ, ಅಂದರೆ ಲೋ ಪಾಯಿಂಟ್, ಬಾಲಿಗಿಂತ ಒಂದು ಗೇಣು ಹಿಂದೆ (20 ಸೆಂ.ಮೀ.) ಬಿದ್ದರೆ, ಬಾಲ್ ಇರುವ ಜಾಗಕ್ಕೆ ಬರುವಷ್ಟರಲ್ಲಿ ಸೋಲ್ ಆಗಲೇ 1 ಸೆಂ.ಮೀ. ಮೇಲೆದ್ದಿರುತ್ತೆ. ಅದೇ ಗೇಣಿನ ತಪ್ಪಿನಲ್ಲಿ ಸ್ವಿಂಗ್ ಕೊಂಚ ಕೆಳಗಿಳಿದರೆ ಹಿಂದಿನ ಮಣ್ಣು. ನಿಮ್ಮ ನಾಲ್ಕು ಟಾಪು, ಎರಡು ಫ್ಯಾಟು (ಮಣ್ಣು ಮೊದಲು ಸಿಕ್ಕಿದ್ದು) ಬೇರೆ ಬೇರೆ ರೋಗ ಅಲ್ಲ. ಎರಡಕ್ಕೂ ಮೂಲ ಒಂದೇ, ತಳ ಹಿಂದೆ ಬೀಳ್ತಿದೆ.

ಈಗ ಬಾಲನ್ನು ಹಿಮ್ಮಡಿಯ ನೇರದಿಂದ ಮೂರು ಇಂಚು ಒಳಗೆ ತನ್ನಿ, ಬೇರೇನೂ ಮುಟ್ಟಬೇಡಿ. ತಳ ಇನ್ನೂ ಹಿಂದೆಯೇ ಇದ್ದರೂ ಸೋಲ್ 4 ಮಿ.ಮೀ. ಎತ್ತರಕ್ಕೆ ಇಳಿಯುತ್ತೆ, ಬಾಲ್ ಫೇಸಿನ 12 ಮಿ.ಮೀ.ನಲ್ಲಿ ಸಿಗುತ್ತೆ. ಅದು ಆಡಬಹುದಾದ ಹೊಡೆತ. ಹಿಮ್ಮಡಿಯ ನೇರ ಡ್ರೈವರಿನ ಜಾಗ. ತ್ರೀ-ವುಡ್ ನೆಲದಿಂದ ಆದರೆ ಅಲ್ಲಿಂದ ಎರಡು ಬಾಲ್ ಒಳಕ್ಕೆ, ಫೈವ್-ವುಡ್ ಇನ್ನರ್ಧ ಬಾಲ್, ಸೆವೆನ್-ವುಡ್ ನಿಮ್ಮ ಹೈಬ್ರಿಡ್ ಇಡುವ ಕಡೆ.

#3 ಪೊರಕೆ ಪಕ್ಷ

ಅಳತೆ ಎಲ್ಲ ಸರಿ ಸಾರ್, ಆದರೆ "ಕೆಳಕ್ಕೆ ಹೊಡಿ" ಅಂತ ಇಂಥವರಿಗೆ ಹೇಳಿದರೆ ಕೊಡಲಿ ಹಾಕಿದ ಹಾಗೆ ಬಡೀತಾರೆ. ಫೇರ್‌ವೇ ವುಡ್ಡಿಗೆ ಅಗಲ ಸೋಲ್ ಕೊಟ್ಟಿರೋದೇ ಹುಲ್ಲಿನ ಮೇಲೆ ಜಾರಲಿ ಅಂತ. ಗುಡಿಸೋದೇ ಸರಿ. ಡಿವಟ್ (ಕಿತ್ತು ಬರುವ ಹುಲ್ಲು-ಮಣ್ಣಿನ ಹೆಂಟೆ) ಬಂದರೆ ತಪ್ಪು.

#4 ಸೋಲ್ ಮೊದಲು

ಡಿವಟ್ ಬೇಡ ಅನ್ನೋದನ್ನು ಒಪ್ಪುತ್ತೇನೆ. ಆದರೆ "ಗುಡಿಸು" ಅಂದ ತಕ್ಷಣ ಜನ ಮಾಡೋದು ಬಾಲನ್ನು ಮೇಲಕ್ಕೆ ಮೊಗೆಯೋದು. ರೇಡಾರ್ ಅಳತೆಗಳಲ್ಲಿ ಪಿಜಿಎ ಟೂರಿನವರ (ಅಮೆರಿಕದ ವೃತ್ತಿಪರ ಆಟಗಾರರ) ತ್ರೀ-ವುಡ್ ನೆಲದಿಂದ ಸರಾಸರಿ 3 ಡಿಗ್ರಿ ಆಸುಪಾಸು ಇಳಿಜಾರಿನಲ್ಲೇ ಬಾಲಿಗೆ ಬರುತ್ತೆ, ಎಲ್‌ಪಿಜಿಎ ಆಟಗಾರ್ತಿಯರದು 1 ಡಿಗ್ರಿ ಆಸುಪಾಸು. ಹೋಲಿಕೆಗೆ, ಪಿಜಿಎಯವರ ಸೆವೆನ್ ಐರನ್ 4 ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಇಬ್ಬರೂ ಇಳಿಯುತ್ತಲೇ ಹೊಡೀತಾರೆ, ಯಾರೂ ಮೇಲಕ್ಕೆ ಎತ್ತೋದಿಲ್ಲ.

ಮತ್ತೆ ಡಿವಟ್ ಯಾಕಿಲ್ಲ? ತಳ ಬಾಲಿಗಿಂತ ಮೂರು ಇಂಚು ಮುಂದಿದ್ದರೂ, ಬಾಲ್ ಇರುವ ಜಾಗಕ್ಕೂ ತಳಕ್ಕೂ ಎತ್ತರದ ವ್ಯತ್ಯಾಸ 2 ಮಿ.ಮೀ.ಗಿಂತ ಕಮ್ಮಿ. ಅಷ್ಟರಲ್ಲಿ ಮಣ್ಣು ಏಳೋದಿಲ್ಲ, ಹುಲ್ಲಿನ ತುದಿ ಬಾಗಿ ಒಂದು ಸವರಿದ ಗುರುತು ಬೀಳುತ್ತೆ. ಆ ಗುರುತು ಬಾಲಿನ ಹಿಂದೆ ಇದೆಯೋ ಮುಂದೆ ಇದೆಯೋ ಅನ್ನೋದೇ ಪ್ರಶ್ನೆ. ನಿಮ್ಮ ಪೊರಕೆ ಇರಲಿ ಸಾರ್, ಗುಡಿಸೋದು ಬಾಲಿನ ಮುಂದೆ ಇರಲಿ.

#5 ಪೊರಕೆ ಪಕ್ಷ

ಮುಂದೆ ಗುಡಿಸೋದು ಅಂದರೆ ತಕರಾರಿಲ್ಲ.

#6 ಫೈವ್-ವುಡ್ ಸಾಕು

ಇಬ್ಬರೂ ಸ್ವಿಂಗನ್ನೇ ರಿಪೇರಿ ಮಾಡ್ತಿದ್ದೀರಿ. ಡ್ರೈವರ್ ವೇಗ 88 ಮೈಲಿ ಇರುವವರಿಗೆ 15 ಡಿಗ್ರಿ ನೆಲದಿಂದ ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ.

88ಕ್ಕೆ ತ್ರೀ-ವುಡ್ ವೇಗ 85ರ ಹತ್ತಿರ. ಅಷ್ಟು ವೇಗಕ್ಕೆ 15 ಡಿಗ್ರಿ ಲಾಫ್ಟಿನಿಂದ ನೆಲದ ಬಾಲಿಗೆ ಎತ್ತರ ಸಿಗೋದು ಕಷ್ಟ. ಎತ್ತರ ಸಿಗದಿದ್ದಾಗ ದೇಹ ತಾನೇ ಸಹಾಯಕ್ಕೆ ಬರುತ್ತೆ: ಬಲಗಾಲ ಮೇಲೆ ಉಳಿದು, ಭುಜ ಹಿಂದಕ್ಕೆ ವಾಲಿಸಿ, ಮೊಗೆಯೋದು. ಆ ಗೇಣು ಹಿಂದಿನ ತಳ ಅಲ್ಲಿಂದಲೇ ಬಂದಿದ್ದು. 18 ಡಿಗ್ರಿಯ ಫೈವ್-ವುಡ್ ಕೈಗೆ ಕೊಟ್ಟು ನೋಡಿ, ಅರ್ಧ ಜನಕ್ಕೆ ಪಾಠವಿಲ್ಲದೇ ಮೊಗೆಯೋದು ನಿಲ್ಲುತ್ತೆ, ಯಾಕೆಂದರೆ ಬಾಲ್ ಏಳುತ್ತೆ ಅನ್ನೋ ನಂಬಿಕೆ ಕಣ್ಣಿಗೇ ಬರುತ್ತೆ.

ಪರೀಕ್ಷೆ ಸುಲಭ. ಹುಲ್ಲಿನ ಮೇಲಿಂದ, ಮ್ಯಾಟ್ ಮೇಲಿಂದ ಅಲ್ಲ, ಎರಡರಲ್ಲೂ ಹತ್ತು ಹತ್ತು ಹೊಡೆಯಿರಿ. ಒಳ್ಳೆಯವನ್ನು ಮಾತ್ರ ಎಣಿಸಬೇಡಿ, ಹತ್ತರ ಸರಾಸರಿ ಕ್ಯಾರಿ (ನೆಲಕ್ಕೆ ಬೀಳುವ ಮುಂಚೆ ಹಾರಿದ ದೂರ) ತೆಗೆಯಿರಿ. ತ್ರೀ-ವುಡ್ 8-10 ಗಜವಾದರೂ ಮುಂದೆ ಇಲ್ಲದಿದ್ದರೆ ಅದು ಟೀ ಮೇಲಿನ ಕ್ಲಬ್ ಮಾತ್ರ. ಬ್ಯಾಗಿನಲ್ಲಿ 14 ಕ್ಲಬ್ಬಿಗಿಂತ ಹೆಚ್ಚು ಇಡುವ ಹಾಗಿಲ್ಲ, ಒಂದು ಜಾಗ ವ್ಯರ್ಥ.

ನಡುವಿನ ದಾರಿ ಬೇಕಂದರೆ 16.5-17 ಡಿಗ್ರಿಯ ಫೋರ್-ವುಡ್. ಈಗ ಅಂಗಡಿಯಲ್ಲಿ ಅಪರೂಪ. 1935ರ ಮಾಸ್ಟರ್ಸ್ ಟೂರ್ನಿಯ ಕೊನೆಯ ಸುತ್ತಿನಲ್ಲಿ ಜೀನ್ ಸಾರಜೆನ್ 15ನೇ ಹೋಲಿನಲ್ಲಿ 235 ಗಜದಿಂದ ಎರಡನೇ ಹೊಡೆತಕ್ಕೇ ಬಾಲನ್ನು ಕಪ್ಪಿಗೆ ಹಾಕಿದ್ದು ಫೋರ್-ವುಡ್ಡಿನಿಂದಲೇ.

#7 ಏಳರ ಬಳಗ

ಸೆವೆನ್-ವುಡ್ ಹೆಂಗಸರ ಕ್ಲಬ್ಬು, ವಯಸ್ಸಾದವರ ಕ್ಲಬ್ಬು ಅಂತ ಮೂಗು ಮುರಿಯೋರಿಗೆ: 2020ರ ಮಾಸ್ಟರ್ಸ್ ಗೆದ್ದ ಡಸ್ಟಿನ್ ಜಾನ್ಸನ್ ಬ್ಯಾಗಿನಲ್ಲಿ ಸೆವೆನ್-ವುಡ್ ಇತ್ತು. ಹಾಗೇ ಉದ್ದ ಹೊಡೆಯದವರು ಏನು ಮಾಡಬಹುದು ಅನ್ನೋದಕ್ಕೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಟ ನೋಡಿ. ಟೋಕಿಯೊ ಒಲಿಂಪಿಕ್ಸಿನಲ್ಲಿ 15 ಅಂಡರ್ (ಪಾರ್, ಅಂದರೆ ನಿಗದಿತ ಹೊಡೆತಗಳಿಗಿಂತ 15 ಕಮ್ಮಿ), ಕಂಚು ತಪ್ಪಿದ್ದು ಒಂದೇ ಸ್ಟ್ರೋಕಿನಲ್ಲಿ, ನಾಲ್ಕನೇ ಸ್ಥಾನ. ಡ್ರೈವ್ ಉದ್ದದಲ್ಲಿ ಹಿಂದಿನ ಸಾಲು. ಬೇರೆಯವರು ಐರನ್ ತೆಗೆದ ಕಡೆ ಹೈಬ್ರಿಡ್, ವುಡ್ ತೆಗೆದು ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) ಸೇರಿಸಬೇಕಾದ ಆಟ.

21 ಡಿಗ್ರಿಯ ಸೆವೆನ್-ವುಡ್ ಅದೇ ಲಾಫ್ಟಿನ ಹೈಬ್ರಿಡ್‌ಗಿಂತ ಉದ್ದ ಶಾಫ್ಟಿನದು, ತೂಕದ ಕೇಂದ್ರ ಫೇಸಿನಿಂದ ಇನ್ನೂ ಹಿಂದೆ. ಅದಕ್ಕೇ ಬಾಲ್ ಎತ್ತರಕ್ಕೆ ಹೋಗಿ ಕಡಿದಾಗಿ ಇಳಿಯುತ್ತೆ. ಗ್ರೀನ್ ಮೇಲೆ ನಿಲ್ಲಿಸಬೇಕಾದರೆ ಇದು. ಗಾಳಿ ಎದುರಿದ್ದರೆ ಹೈಬ್ರಿಡ್.

#8 ಪಣಂಬೂರು ಗಾಳಿ

ಗಾಳಿ ಮಾತು ಬಂತಲ್ಲ, ಒಂದು ಮಾತು ಉಂಟು ಮಾರಾಯ್ರೆ. ಎದುರು ಗಾಳಿಗೆ ತ್ರೀ-ವುಡ್ ಹಿಡಿದು ಜೋರಾಗಿ ಬೀಸುವುದು ಬೇಡ. ಜೋರು ಹೊಡೆದಷ್ಟೂ ಸ್ಪಿನ್ ಜಾಸ್ತಿ, ಬಾಲ್ ಗಾಳಿಪಟದ ಹಾಗೆ ಮೇಲೆ ಹೋಗಿ ಅಲ್ಲೇ ಇಳಿಯುತ್ತದೆ. ಅದರಲ್ಲೂ ಫೇಸಿನ ಕೆಳಗೆ ತಗುಲಿದ ಬಾಲಿಗೆ ಏಳುವ ಕೋನ ಕಮ್ಮಿ, ಸ್ಪಿನ್ ಹೆಚ್ಚು. ಒಂದಿಂಚು ಕೆಳಗೆ ಹಿಡಿದು, ಮುಕ್ಕಾಲು ಸ್ವಿಂಗ್, ಮುಗಿಸುವಾಗ ಕೈ ಭುಜದ ಎತ್ತರಕ್ಕೇ ನಿಲ್ಲಲಿ.

ಇನ್ನೊಂದು, ಬೆಂಗಳೂರಿನಲ್ಲಿ ಅಳೆದ ಗಜವನ್ನು ಇಲ್ಲಿಗೆ, ಮಂಗಳೂರಿಗೆ, ತರಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲೆ, ಅಂದರೆ 3000 ಅಡಿ. ಸಾವಿರ ಅಡಿ ಎತ್ತರಕ್ಕೆ ಬಾಲ್ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು ದೂರ ಹೋಗುತ್ತದೆ ಅಂತ ಲೆಕ್ಕ ಹಿಡಿದರೆ, ಮಂಗಳೂರಿನ 190 ಗಜ ಅಲ್ಲಿ 196-197 ಆಗುತ್ತದೆ. ಇಲ್ಲಿನ ಪಿಲಿಕುಳ ಗಾಲ್ಫ್ ಕೋರ್ಸಿಗೆ ಬಂದು "ಕ್ಲಬ್ಬಿಗೆ ಏನಾಯ್ತು" ಅಂತ ಕೇಳುವವರಿಗೆ ಉತ್ತರ ಇದೇ.

#9 ಗರಿಕೆ ಮೇಲಿನ ಬಾಲ್

ಎಲ್ಲರಿಗೂ ಧನ್ಯವಾದ. ಫೈವ್-ವುಡ್ ಪರೀಕ್ಷೆ ಖಂಡಿತ. ಆದರೆ ತಳ ಎಲ್ಲಿ ಬೀಳ್ತಿದೆ ಅಂತ ಒಬ್ಬರೇ ಇದ್ದಾಗ ಕಂಡುಹಿಡಿಯೋದು ಹೇಗೆ? ಕ್ಯಾಡಿ ಪ್ರತಿ ಸಲ ಹೇಳೋದು "ತಲೆ ಎತ್ತಿದ್ರಿ ಸಾರ್" ಅಷ್ಟೇ.

#10 ಸೋಲ್ ಮೊದಲು

ತಲೆ ಎತ್ತಿದ್ದರಿಂದ ಟಾಪ್ ಆಗೋದು ಬಹಳ ಕಮ್ಮಿ. ಟಾಪ್ ಆದ ಬಾಲ್ ಎಲ್ಲಿ ಹೋಯಿತು ಅಂತ ನೋಡೋಕೆ ತಲೆ ಏಳುತ್ತೆ, ನೋಡಿದವರಿಗೆ ಕಾರಣ ಅದೇ ಅನ್ನಿಸುತ್ತೆ. ನಿಜವಾದ ಕಾರಣ ಮೂರರಲ್ಲಿ ಒಂದು: ತೂಕ ಬಲಗಾಲ ಮೇಲೆ ಉಳಿಯೋದು, ಸೊಂಟ ಬಾಲಿನ ಕಡೆ ನುಗ್ಗಿ ಬೆನ್ನು ನೆಟ್ಟಗಾಗೋದು, ಎಡ ಮೊಣಕೈ ಮಡಚಿ ಕಮಾನು ಗಿಡ್ಡವಾಗೋದು. "ತಲೆ ಕೆಳಗಿಡಿ" ಅಂತ ಗಲ್ಲವನ್ನು ಎದೆಗೆ ಒತ್ತಿಕೊಂಡರೆ ಭುಜ ತಿರುಗೋದೇ ನಿಲ್ಲುತ್ತೆ, ಮೊದಲನೇ ಕಾರಣ ಇನ್ನೂ ಜಾಸ್ತಿಯಾಗುತ್ತೆ.

ಒಬ್ಬರೇ ಮಾಡೋ ಪರೀಕ್ಷೆಗೆ ರಂಗೋಲಿ ಪುಡಿ ಸಾಕು. ಪ್ರಾಕ್ಟೀಸಿಗೆ ಬಿಟ್ಟ ಹುಲ್ಲಿನ ಮೇಲೆ, ಅಲ್ಲಿನವರನ್ನು ಕೇಳಿಕೊಂಡು, ಗುರಿಗೆ ಅಡ್ಡಲಾಗಿ ಒಂದು ಉದ್ದ ಗೆರೆ ಎಳೆಯಿರಿ. ಗೆರೆ ಎಡ ಹಿಮ್ಮಡಿಯಿಂದ ಎರಡು ಬಾಲ್ ಒಳಕ್ಕೆ ಬರುವ ಹಾಗೆ ನಿಂತುಕೊಳ್ಳಿ. ಬಾಲ್ ಇಲ್ಲದೇ ತ್ರೀ-ವುಡ್ ಹತ್ತು ಸಲ ಬೀಸಿ, ಪ್ರತಿ ಸಲ ಗೆರೆಯುದ್ದಕ್ಕೂ ಪಾದ ಸ್ವಲ್ಪ ಸರಿಸಿಕೊಂಡು. ಪುಡಿ ಗುರಿಯ ಕಡೆಗೇ ಚೆದುರಬೇಕು, ಹುಲ್ಲು ಸವರಿದ ಗುರುತು ಗೆರೆಯ ಮೇಲೆ ಅಥವಾ ಅದರ ಎಡಕ್ಕೆ ಶುರುವಾಗಬೇಕು. ಗೆರೆ ಮುಟ್ಟದೇ ಹಿಂದಿನ ಹುಲ್ಲು ಬಾಗಿದ್ದರೆ ತಳ ಹಿಂದೆ. ಎಲ್ಲೂ ಏನೂ ತಾಗದಿದ್ದರೆ ಮೊಣಕೈ ಅಥವಾ ಬೆನ್ನು. ಹತ್ತಕ್ಕೆ ಏಳು ಸರಿ ಬರುವವರೆಗೆ ಬಾಲ್ ಇಡಬೇಡಿ.

ಆಮೇಲೆ ಟೀ ಇಳಿಸುತ್ತಾ ಬನ್ನಿ. ನೆಲದಿಂದ 12 ಮಿ.ಮೀ.ನಲ್ಲಿ ಐದು ಬಾಲ್, 6 ಮಿ.ಮೀ.ನಲ್ಲಿ ಐದು, ಟೀ ತಲೆ ಹುಲ್ಲಿನ ಮಟ್ಟಕ್ಕೆ ತಂದು ಐದು, ಕೊನೆಗೆ ಟೀ ಇಲ್ಲದೇ ಐದು. ಯಾವ ಮಟ್ಟದಲ್ಲಿ ಐದಕ್ಕೆ ಎರಡು ಕೆಡುತ್ತವೋ ಅದರ ಹಿಂದಿನ ಮಟ್ಟಕ್ಕೆ ವಾಪಸ್.

ಫೇಸಿನ ಮೇಲೆ ಎಲ್ಲಿ ತಗುಲಿತು ಅನ್ನೋಕೆ ವೈಟ್‌ಬೋರ್ಡ್ ಮಾರ್ಕರಿನಿಂದ ಬಾಲಿನ ಹಿಂಬದಿಗೆ ಕಾಸಗಲ ಚುಕ್ಕಿ ಇಟ್ಟು ಆ ಬದಿ ಕ್ಲಬ್ಬಿಗೆ ತಿರುಗಿಸಿ. ಹೊಡೆದ ಮೇಲೆ ಫೇಸಿನ ಮೇಲೆ ಅಚ್ಚು ಸಿಗುತ್ತೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ.

#11 ಧಾರವಾಡದಾಂವ

ನಾನೂ ಒಂದ್ ಮಾತು ಹೇಳ್ತೀನ್ರಿ. ಮ್ಯಾಟ್ ಮ್ಯಾಲೆ ಪ್ರಾಕ್ಟೀಸ್ ಮಾಡಿ "ಬರಾಕತ್ತೈತಿ" ಅಂತ ನಂಬಬ್ಯಾಡ್ರಿ. ಎರಡಿಂಚು ಹಿಂದ ಬಡದ್ರೂ ಮ್ಯಾಟ್ ಮ್ಯಾಲೆ ಕ್ಲಬ್ ಜಾರಿ ಬಾಲಿಗೆ ಹತ್ತತೈತಿ, ಸಪ್ಪಳನೂ ಚಂದ ಬರ್ತೈತಿ. ಹುಲ್ಲಿನ ಮ್ಯಾಲೆ ಅದ ಹೊಡೆತಕ್ಕ ನೆಲ ಹಿಡಕೋತೈತಿ. ಮ್ಯಾಟ್ ಅಷ್ಟ ಐತಿ ಅಂದ್ರ, ಬಾಲಿನ ಹಿಂದ 15 ಸೆಂ.ಮೀ. ಬಿಟ್ಟು ಒಂದು ಟವೆಲ್ ಮಡಚಿ ಹಾಕ್ರಿ. ಟವೆಲಿಗೆ ತಾಗಿತಂದ್ರ ಲೆಕ್ಕಕ್ಕಿಲ್ಲ.

ಕಡೀಗೆ ಹೆಂಗ ನಿಂತೀರಿ ನೋಡ್ಕೋರಿ. ಬಲ ಬೂಟಿನ ಅಡಿ ಪೂರ್ತಿ ಹಿಂದಿನವ್ರಿಗೆ ಕಾಣಬೇಕು, ತುದಿ ಅಷ್ಟ ನೆಲಕ್ಕ. ಬೆಲ್ಟಿನ ಬಕಲ್ ಗುರಿ ಕಡೆ. ಬಲಗಾಲು ಎತ್ತಿದ್ರೂ ಬೀಳಬಾರದು. ಎತ್ತಾಕ ಆಗಲಿಲ್ಲಂದ್ರ ತೂಕ ಹಿಂದನ ಉಳದೈತಿ, ಬ್ಯಾರೆ ಕಾರಣ ಹುಡುಕೋದ ಬ್ಯಾಡ.

#12 ಫೆರುಲ್ ಮತ್ತು ಎಪಾಕ್ಸಿ

ಕ್ಲಬ್ ಕಡೆಯಿಂದ ಎರಡು ಮಾತು. ಬಲಕ್ಕೆ ತೇಲುವ ಎರಡರ ಬಗ್ಗೆ ಯಾರೂ ಮುಟ್ಟಿಲ್ಲ.

ಮೊದಲು ಮಾರ್ಕರ್ ಅಚ್ಚು ನೋಡಿ. ಫೇಸ್ ಅಡ್ಡಡ್ಡಲಾಗಿ ಸ್ವಲ್ಪ ಉಬ್ಬಿರುತ್ತೆ. ಹೀಲ್ (ಶಾಫ್ಟ್ ಕಡೆಯ ತುದಿ) ಕಡೆ ತಗುಲಿದರೆ ಬಾಲ್ ಎಡಕ್ಕೆ ಹೊರಟು ಬಲಕ್ಕೆ ತಿರುಗುತ್ತೆ, ಟೋ (ಹೊರ ತುದಿ) ಕಡೆ ತಗುಲಿದರೆ ಬಲಕ್ಕೆ ಹೊರಟು ಎಡಕ್ಕೆ ವಾಪಸ್ ಬರುತ್ತೆ. ನೇರ ಬಲಕ್ಕೆ ಹೊರಟು ಇನ್ನೂ ಬಲಕ್ಕೆ ಹೋದರೆ ಫೇಸೇ ತೆರೆದಿದೆ. ಹೀಲ್ ಅಚ್ಚಾದರೆ ಬಾಲಿಗೆ ತೀರಾ ಹತ್ತಿರ ನಿಂತಿದ್ದೀರಿ ಅಥವಾ ಸೊಂಟ ಮುಂದೆ ನುಗ್ಗುತ್ತಿದೆ.

ಉದ್ದ: 43 ಇಂಚನ್ನು ಕತ್ತರಿಸುವ ಮುಂಚೆ ಎರಡು ವಾರ ಅರ್ಧ ಇಂಚು ಕೆಳಗೆ ಹಿಡಿದು ಆಡಿ. ಅಚ್ಚು ನಡುವಿಗೆ ಬಂತು ಅನ್ನಿಸಿದರೆ ಆಗ ಹಿಡಿಯ ತುದಿಯಿಂದ ಅರ್ಧ ಇಂಚು ತೆಗೆಸಿ. ಹೆಡ್ ಕಡೆಯಿಂದ ಕತ್ತರಿಸಬಾರದು, ಶಾಫ್ಟ್ ಗಡಸಾಗುತ್ತೆ. ಅರ್ಧ ಇಂಚು ಹೋದರೆ ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನ್ನಿಸುತ್ತೆ ಅನ್ನೋ ಅಳತೆ) ಮೂರು ಅಂಕ ಇಳಿಯುತ್ತೆ, ಡಿ2 ಇದ್ದದ್ದು ಸಿ9. ಹೆಡ್ ಹಗುರ ಅನ್ನಿಸಿದರೆ ಸೀಸದ ಪಟ್ಟಿ, ಅಂಕಕ್ಕೆ ಸುಮಾರು 2 ಗ್ರಾಂ, ಒಟ್ಟು 6 ಗ್ರಾಂ. ಸೋಲಿನ ಹಿಂಭಾಗಕ್ಕೆ ಅಂಟಿಸಿ.

ಶಾಫ್ಟ್ ತೂಕ: ಡ್ರೈವರಿಗಿಂತ ತ್ರೀ-ವುಡ್ಡಿನದು 5-10 ಗ್ರಾಂ ಜಾಸ್ತಿ ಇರಬೇಕು. ಡ್ರೈವರಿನಲ್ಲಿ 55 ಇದ್ದು ತ್ರೀ-ವುಡ್ಡಿನಲ್ಲೂ 50-55 ಇದ್ದರೆ ಕೈ ಅವಸರ ಮಾಡುತ್ತೆ, ಕಮಾನು ಪ್ರತಿ ಸಲ ಬೇರೆ ಕಡೆ ಇಳಿಯುತ್ತೆ.

ಹೊಸೆಲ್ (ಶಾಫ್ಟ್ ಹೆಡ್ಡಿಗೆ ಸೇರುವ ಕಡೆ) ತಿರುಗಿಸುವ ಕ್ಲಬ್ಬಾದರೆ ಲಾಫ್ಟ್ ಒಂದರಿಂದ ಒಂದೂವರೆ ಡಿಗ್ರಿ ಏರಿಸಿ. ಲಾಫ್ಟ್ ಏರಿದಾಗ ನೆಲಕ್ಕಿಟ್ಟ ಫೇಸ್ ಸ್ವಲ್ಪ ಎಡಕ್ಕೆ ಮುಚ್ಚಿಕೊಳ್ಳುತ್ತೆ, ನಿಮ್ಮ ಬಲದ ತೇಲಾಟಕ್ಕೂ ಅದು ಅನುಕೂಲ. ಟಾರ್ಕ್ ವ್ರೆಂಚ್ ಕ್ಲಿಕ್ ಅನ್ನುವವರೆಗೆ ತಿರುಗಿಸಿ, ಅದರಾಚೆ ಬಲ ಬೇಡ. ರೌಂಡ್ ಶುರುವಾದ ಮೇಲೆ ಮುಟ್ಟುವ ಹಾಗಿಲ್ಲ, ನಿಯಮ.

#13 ಎಡಗೈ ಬಂಟ

ಎಡಗೈಯವರಿಗೆ ಲಾಫ್ಟ್ ಏರಿಸಿದರೆ ಫೇಸ್ ಎಡಕ್ಕೇ ಹೋಗುತ್ತಾ?

#14 ಫೆರುಲ್ ಮತ್ತು ಎಪಾಕ್ಸಿ

ಇಲ್ಲ, ಕನ್ನಡಿಯ ಹಾಗೆ. ಎಡಗೈ ಕ್ಲಬ್ಬಿನಲ್ಲಿ ಮುಚ್ಚೋದು ಅಂದರೆ ಬಲಕ್ಕೆ.

#15 ಲೈ ಓದಿ

ಕ್ಲಬ್ ತೆಗೆಯುವ ಮುಂಚಿನ ಕೆಲಸ ಯಾರೂ ಹೇಳಿಲ್ಲ: ಬಾಲ್ ಹೇಗೆ ಕೂತಿದೆ ನೋಡೋದು. ನಿಂತಲ್ಲಿಂದ ಅಲ್ಲ, ಪಕ್ಕಕ್ಕೆ ಹೋಗಿ ಬಗ್ಗಿ ನೋಡಿ. ಬಾಲಿನ ಕೆಳಗೆ ಹುಲ್ಲಿನ ಮೆತ್ತೆ ಇದೆಯಾ, ಬರೀ ಮಣ್ಣಾ, ಅಥವಾ ಬಾಲೇ ಹುಲ್ಲಿನೊಳಗೆ ಇಳಿದಿದೆಯಾ?

ನಮ್ಮ ಕಡೆಯ ಫೇರ್‌ವೇಗಳ ಬರ್ಮುಡಾ ಹುಲ್ಲು ಅಂದರೆ ಬೇರೇನಲ್ಲ, ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ಗಡಸು ಕಡ್ಡಿ, ನೆಲಕ್ಕೆ ಹಬ್ಬುತ್ತೆ. ಚೆನ್ನಾಗಿ ಬೆಳೆದಿದ್ದಾಗ ಬಾಲನ್ನು ಅಂಗೈಯಲ್ಲಿ ಹಿಡಿದಂತೆ ಎತ್ತಿ ಹಿಡಿಯುತ್ತೆ, ತ್ರೀ-ವುಡ್ಡಿಗೆ ಅದಕ್ಕಿಂತ ಒಳ್ಳೆ ಜಾಗವಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಒಣಗಿ ತೆಳುವಾದ ಕಡೆ ಅದೇ ನೆಲ ಸಿಮೆಂಟು, ಸೋಲ್ ಪುಟಿದು ಬಾಲಿನ ಹೊಟ್ಟೆಗೆ ಬಡಿಯುತ್ತೆ. ಅಲ್ಲಿ ಫೈವ್-ವುಡ್ ಅಥವಾ ಹೈಬ್ರಿಡ್, ಬಾಲ್ ಅರ್ಧ ಬಾಲಿನಷ್ಟು ಹಿಂದೆ.

ರಫ್‌ನಲ್ಲಿ (ಫೇರ್‌ವೇ ಪಕ್ಕದ ಎತ್ತರದ ಹುಲ್ಲು) ಅರ್ಧ ಬಾಲ್ ಹುಲ್ಲಿನ ಮೇಲೆ ಕಂಡರೆ ಸೆವೆನ್-ವುಡ್ ಆಗುತ್ತೆ. ಅರ್ಧಕ್ಕಿಂತ ಹೆಚ್ಚು ಮುಳುಗಿದ್ದರೆ ವುಡ್ ಮುಟ್ಟಬೇಡಿ, ಅಗಲ ಸೋಲಿಗೆ ಹುಲ್ಲು ಸುತ್ತಿಕೊಂಡು ಫೇಸ್ ಮುಚ್ಚಿ ಬಾಲ್ ಎಡಕ್ಕೆ ತಗ್ಗಿನಲ್ಲಿ ಹೋಗುತ್ತೆ. ರಫ್‌ನಲ್ಲಿ ಬಾಲ್ ಹುಲ್ಲಿನ ತುದಿಯಲ್ಲಿ ತೇಲಿ ಕೂತಿದ್ದರೆ ಇನ್ನೊಂದು ಅಪಾಯ: ಕ್ಲಬ್ಬನ್ನು ನೆಲಕ್ಕೆ ಒತ್ತಿದರೆ ಹೆಡ್ ಬಾಲಿನ ಕೆಳಗಿಂದಲೇ ಹೋಗಿ ಬಾಲ್ ಕ್ರೌನಿಗೆ (ಹೆಡ್ಡಿನ ನೆತ್ತಿ) ತಗುಲುತ್ತೆ. ಟೀ ಮೇಲಿದೆ ಅಂದುಕೊಂಡು ಹೆಡ್ಡನ್ನು ಬಾಲಿನ ಮಟ್ಟಕ್ಕೆ ಎತ್ತಿ ಹಿಡಿದು ಶುರುಮಾಡಿ.

ಏರಿಳಿತ: ಹತ್ತುವ ಇಳಿಜಾರಿನಲ್ಲಿ ಭುಜ ನೆಲಕ್ಕೆ ಸಮವಾಗಿ ವಾಲಲಿ, ಲಾಫ್ಟ್ ತಾನೇ ಹೆಚ್ಚುತ್ತೆ, ಬಾಲ್ ಸ್ವಲ್ಪ ಎಡಕ್ಕೆ. ಇಲ್ಲಿ ತ್ರೀ-ವುಡ್ ಸುಲಭ. ಇಳಿಯುವ ಇಳಿಜಾರಿನಲ್ಲಿ 15 ಡಿಗ್ರಿ 10 ಆಗಿಬಿಡುತ್ತೆ, ಸೆವೆನ್-ವುಡ್ಡೇ ಫೈವ್-ವುಡ್ಡಿನಂತೆ ಹೋಗುತ್ತೆ, ಸಾಕು. ಬಾಲ್ ಪಾದಕ್ಕಿಂತ ಮೇಲಿದ್ದರೆ ಕೆಳಗೆ ಹಿಡಿದು ಬಲಕ್ಕೆ ಗುರಿ ಇಡಿ. ಪಾದಕ್ಕಿಂತ ಕೆಳಗಿದ್ದರೆ, ನಿಜ ಹೇಳಬೇಕಂದರೆ, ಐರನ್ ತೆಗೆಯಿರಿ.

#16 ನಿಯಮ ಪುಸ್ತಕ

ಮಳೆಗಾಲಕ್ಕೆ ಬೇಕಾದ್ದು ಎರಡು. ಬಾಲ್ ತಾನೇ ಬಿದ್ದ ಗುಂಡಿಯಲ್ಲಿ ನೆಲದ ಮಟ್ಟಕ್ಕಿಂತ ಕೆಳಗೆ ಹೂತಿದ್ದರೆ, ಬಂಕರ್ (ಮರಳು ಗುಂಡಿ) ಬಿಟ್ಟು ಸಾಮಾನ್ಯ ಜಾಗದಲ್ಲಿ ದಂಡವಿಲ್ಲದೇ ಎತ್ತಬಹುದು. ಸರಿಹಿಂದಿನ ಜಾಗದಿಂದ ಒಂದು ಕ್ಲಬ್ ಉದ್ದದೊಳಗೆ, ಹೋಲಿಗೆ ಹತ್ತಿರವಾಗದಂತೆ, ಮಂಡಿ ಎತ್ತರದಿಂದ ಡ್ರಾಪ್. ಕ್ಲಬ್ ಉದ್ದ ಅಂದರೆ ಪಟರ್ (ಗ್ರೀನ್ ಮೇಲೆ ಬಾಲ್ ಉರುಳಿಸುವ ಕ್ಲಬ್) ಬಿಟ್ಟು ಬ್ಯಾಗಿನ ಅತಿ ಉದ್ದದ ಕ್ಲಬ್, ಸಾಮಾನ್ಯವಾಗಿ ಡ್ರೈವರ್. ಫೇರ್‌ವೇ ಮೇಲಿನ ಬಾಲನ್ನು ಎತ್ತಿ ಒರೆಸಿ ಇಡೋದು ಮಾತ್ರ ಆ ದಿನ ಕ್ಲಬ್ ಸ್ಥಳೀಯ ನಿಯಮ ಹಾಕಿದ್ದರೆ. ಇತರರ ಡಿವಟ್ ಗುಂಡಿಯಲ್ಲಿ ನಿಂತರೆ ಪರಿಹಾರವಿಲ್ಲ, ಹಾಗೇ ಆಡಬೇಕು.

ಫೇರ್‌ವೇ ಬಂಕರಿನಲ್ಲಿ ವುಡ್ ಹಿಡಿಯೋರಿಗೆ: ಬಾಲಿನ ಹಿಂದೆ ಮುಂದೆ ಮರಳಿಗೆ ಕ್ಲಬ್ ತಾಗಿಸಬಾರದು, ಪ್ರಾಕ್ಟೀಸ್ ಸ್ವಿಂಗಿನಲ್ಲೂ ಮರಳು ಮುಟ್ಟಬಾರದು.

#17 ಏಳರ ಬಳಗ

ಬಂಕರಿನಿಂದ ವುಡ್ ಅಂದರೆ ಸೆವೆನ್ ಮಾತ್ರ, ಅದೂ ಮುಂದಿನ ಅಂಚು ಮೊಣಕಾಲಿಗಿಂತ ತಗ್ಗಿದ್ದು ಬಾಲ್ ಮರಳಿನ ಮೇಲೆ ಚೊಕ್ಕವಾಗಿ ಕೂತಿದ್ದರೆ. ಪಾದ ಮರಳಿಗೆ ಇಳಿದಷ್ಟು, ಸುಮಾರು ಒಂದಿಂಚು, ಕೆಳಗೆ ಹಿಡಿಯಿರಿ. ಇಲ್ಲಿ ಥಿನ್ ಆದರೂ ಪರವಾಗಿಲ್ಲ, ಮರಳು ಮೊದಲು ಸಿಕ್ಕರೆ ಬಾಲ್ ಬಂಕರ್ ದಾಟೋದಿಲ್ಲ.

ಇನ್ನೊಂದು ಪುಟ್ಟ ಉಪಯೋಗ. ಗ್ರೀನಿನ ಅಂಚಿನಲ್ಲಿ ರಫ್‌ಗೆ ಒರಗಿ ನಿಂತ ಬಾಲಿಗೆ ತ್ರೀ-ವುಡ್ಡನ್ನು ಪಟರ್ ಹಾಗೆ, ಹಿಡಿಯ ಕೊನೆಗೆ ಇಳಿಸಿ ಹಿಡಿದು ತಳ್ಳಿ. 15 ಡಿಗ್ರಿ ಬಾಲನ್ನು ಹುಲ್ಲಿನಿಂದ ಚೂರು ಎತ್ತಿ ಉರುಳಿಸುತ್ತೆ. ಟೈಗರ್ ವುಡ್ಸ್ ಇದನ್ನು ಎಲ್ಲರಿಗೂ ಪರಿಚಯಿಸಿದ ಹೊಡೆತ. ಪಟರಿಗಿಂತ ಬೇಗ ಓಡುತ್ತೆ, ಮೊದಲ ಸಲ ಹತ್ತು ಗಜ ದಾಟಿಹೋಗುತ್ತೆ ಅಂತ ಗೊತ್ತಿರಲಿ.

#18 ಗರಿಕೆ ಮೇಲಿನ ಬಾಲ್

ರಂಗೋಲಿ ಗೆರೆ ಎಳೆದು ನೋಡಿದ್ದಾಯಿತು. ಬಾಲ್ ಇಲ್ಲದೇ ಹತ್ತರಲ್ಲಿ ಒಂಬತ್ತು ಗುರುತು ಗೆರೆಯ ಹಿಂದೆ, ಸುಮಾರು ನಾಲ್ಕು ಬೆರಳು. ಎಡಗಾಲಿಗೆ ತೂಕ ನೂರಕ್ಕೆ 60 ಇಟ್ಟು ಶುರುಮಾಡಿದರೆ ಗೆರೆಯ ಮೇಲೆ ಬರುತ್ತೆ, ಆದರೆ ಬಾಲ್ ತೀರಾ ತಗ್ಗಿನಲ್ಲಿ ಹೋಗುತ್ತೆ. ಇದು ಸರಿಯೇ?

#19 ಸೋಲ್ ಮೊದಲು

ಶುರುವಿನಲ್ಲೇ 60 ಇಟ್ಟರೆ ಕೈ ಬಾಲಿಗಿಂತ ಮುಂದೆ ಹೋಗಿ ಶಾಫ್ಟ್ ವಾಲುತ್ತೆ, 15 ಡಿಗ್ರಿ 10-11 ಆಗುತ್ತೆ. ತಗ್ಗಿನಲ್ಲಿ ಹೋಗೋದು ಅದಕ್ಕೇ. ನಿಲ್ಲುವಾಗ 50-50, ಹಿಡಿಯ ತುದಿ ಹೊಕ್ಕುಳಿಗಿಂತ ಚೂರು ಎಡಕ್ಕೆ ಇರಲಿ, ಎಡ ತೊಡೆಯ ತನಕ ಬೇಡ. ತೂಕ ಎಡಕ್ಕೆ ಬರಬೇಕಾದ್ದು ಕೆಳಗಿಳಿಯುವಾಗ, ಕೈ ಇಳಿಯುವ ಮುಂಚೆ. ಅದಕ್ಕೆ ಹೀಗೆ ಮಾಡಿ: ಕ್ಲಬ್ ಹಿಂದಕ್ಕೆ ಹೋಗುವಾಗ ಎಡ ಹಿಮ್ಮಡಿ ಅರ್ಧ ಇಂಚು ಏಳಲಿ, ಅದನ್ನು ನೆಲಕ್ಕೆ ಊರಿ ಆಮೇಲೆ ಬೀಸಿ. ಅರ್ಧ ವೇಗದಲ್ಲಿ, ಗೆರೆಯ ಮೇಲೆ ಇಪ್ಪತ್ತು. ಗುರುತು ಗೆರೆ ದಾಟಿದ ಮೇಲೆ 12 ಮಿ.ಮೀ. ಟೀ.

#20 ಫೈವ್-ವುಡ್ ಸಾಕು

ಮತ್ತೆ ಆ ಹತ್ತು-ಹತ್ತರ ಪರೀಕ್ಷೆ?

#21 ಗರಿಕೆ ಮೇಲಿನ ಬಾಲ್

ಸ್ನೇಹಿತರೊಬ್ಬರ 18 ಡಿಗ್ರಿ, 42.5 ಇಂಚಿನದು. ಹುಲ್ಲಿನ ಮೇಲಿಂದ ಹತ್ತರ ಸರಾಸರಿ ಕ್ಯಾರಿ: ಫೈವ್-ವುಡ್ 158, ತ್ರೀ-ವುಡ್ 131. ತ್ರೀ-ವುಡ್ಡಿನ ಅತಿ ಒಳ್ಳೆಯದು 184, ಫೈವ್‌ನದು 172.

#22 ಫೈವ್-ವುಡ್ ಸಾಕು

184ನ್ನು ಮರೆತುಬಿಡಿ, 131ನ್ನು ನೋಡಿ. ತ್ರೀ-ವುಡ್ ಟೀಗೆ ಇಟ್ಟುಕೊಳ್ಳಿ, ಟೀ ಎತ್ತರ ಕಾಲಿಂಚು ಸಾಕು, ಅದಕ್ಕಿಂತ ಎತ್ತರಿಸಿದರೆ ಕ್ರೌನ್ ಮೇಲೆ ಬಿಳಿ ಗೀರು ಬೀಳುತ್ತೆ. ಹೋಲ್ 4 ಅಥವಾ 5 ಪಾರ್ ಇರಲಿ, ಎರಡನೇ ಹೊಡೆತಕ್ಕೆ 18 ಡಿಗ್ರಿ.